ಧಾರವಾಡಕ್ಕೊಂದು ಬೇಸಿಗೆ ಹಬ್ಬ: ಮುಂಜಾನೆ ಬಯಲಲ್ಲಿ, ರಾತ್ರಿ ಒಳಗೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಊರಲ್ಲಿ ಒಂದು ಮಾತು ಏಳುತ್ತದೆ. ಧಾರವಾಡದಂಥ ಊರಿಗೆ ಒಂದು ಶನಿವಾರ, ಭಾನುವಾರ ನಮ್ಮದೇ ಕಲಾವಿದರ ಹಬ್ಬ ಬೇಕು ಅಂತ. ಬೇಕೇ ಬೇಕು. ಆದರೆ ಹಬ್ಬ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ದೊಡ್ಡ ಮೈದಾನ, ದೊಡ್ಡ ವೇದಿಕೆ, ಎಲ್‌ಇಡಿ ಪರದೆ, ಸಂಜೆ ಆರಕ್ಕೆ ಉದ್ಘಾಟನೆ, ರಾತ್ರಿ ಹತ್ತರವರೆಗೆ ಸಿನಿಮಾ ಹಾಡು. ಮೇ ತಿಂಗಳ ಧಾರವಾಡಕ್ಕೆ ಅದು ಹೊಂದುವುದಿಲ್ಲ. ಈ ಊರಿನ ಸಂಗೀತಕ್ಕೂ ಹೊಂದುವುದಿಲ್ಲ.

ಮೊದಲು ಹವೆಯ ಮಾತು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಮಧ್ಯಾಹ್ನ 36–37 ಡಿಗ್ರಿ ಬಿಸಿಲು. ನಾಲ್ಕು ಗಂಟೆಯ ಹೊತ್ತಿಗೆ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ಗುಡುಗು ಸಿಡಿಲಿನ ಜೊತೆ ಅಡ್ಡಮಳೆ ಬಂದೇ ಬಿಡುತ್ತದೆ. ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಆ ಗಾಳಿಗೆ ಪೆಂಡಾಲು, ಫ್ಲೆಕ್ಸು, ಕಬ್ಬಿಣದ ಕಂಬ ಯಾವುದೂ ನಂಬುವಂಥದ್ದಲ್ಲ. ಅದರ ಕೆಳಗೆ ಮಕ್ಕಳನ್ನು ಕೂರಿಸುವುದು ಅಪಾಯ. ಅದೇ ಊರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಷ್ಟು ತಂಪಾಗಿರುತ್ತದೆ ಅನ್ನುವುದು ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲಿ ವಾಕಿಂಗ್ ಮಾಡುವ ಎಲ್ಲರಿಗೂ ಗೊತ್ತು. ಅಂದ ಮೇಲೆ ಬಯಲಿನ ಕಾರ್ಯಕ್ರಮ ಬೆಳಿಗ್ಗೆ ಇರಲಿ, ಸಂಜೆಯದು ಚಾವಣಿ ಇರುವ ಕಡೆ ಇರಲಿ. ನಡು ಮಧ್ಯಾಹ್ನ ಏನೂ ಬೇಡ. ನನ್ನ ಪತ್ರದ ಸಾರ ಇಷ್ಟೇ. ಆದರೆ ಇಷ್ಟು ಮಾಡಿದರೆ ಏನೆಲ್ಲ ಸಾಧ್ಯವಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ ಊರು ಇದು. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಇಲ್ಲೇ, 1913ರಲ್ಲಿ. ಸಿತಾರ ರತ್ನ ರಹಿಮತ್ ಖಾನ್ ಅವರು ಇಲ್ಲಿಗೆ ಬಂದು ನೆಲೆಸಿದರು, ಅವರ ಮನೆತನದಲ್ಲಿ ಇವತ್ತಿಗೂ ಸಿತಾರ್ ಇದೆ. ಇಷ್ಟಿದ್ದೂ ಧಾರವಾಡದ ಮಕ್ಕಳು ತೋಡಿ ರಾಗವನ್ನೋ ಲಲತ್ ರಾಗವನ್ನೋ ಎದುರಿಗೆ ಕುಳಿತು ಕೇಳುವುದು ಬಹಳ ಅಪರೂಪ. ಕಾರಣ ಸರಳ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತಿದೆ. ಭೈರವ, ತೋಡಿ, ಲಲತ್ ಬೆಳಗಿನವು. ಸಾರಂಗ ಮಧ್ಯಾಹ್ನದ್ದು. ಮಾರ್ವಾ, ಪೂರಿಯಾ ಸೂರ್ಯ ಮುಳುಗುವ ಹೊತ್ತಿನವು. ದರ್ಬಾರಿ, ಮಾಲಕಂಸ್ ಬೇಕೆಂದರೆ ರಾತ್ರಿ ಏರಬೇಕು. ನಮ್ಮ ಸಭೆಗಳು ಹೆಚ್ಚಾಗಿ ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತವೆ. ಹಾಗಾಗಿ ಯಮನ್ ಮತ್ತು ಅದರ ಅಕ್ಕಪಕ್ಕದ ರಾಗಗಳನ್ನೇ ಮತ್ತೆ ಮತ್ತೆ ಕೇಳುತ್ತೇವೆ. ಯಮನ್ ಬೇಡ ಅಂತ ನಾನು ಎಂದೂ ಹೇಳಲಾರೆ. ಆದರೆ ದಿನದ ಉಳಿದ ಹೊತ್ತಿನ ಸಂಗೀತ ಎಲ್ಲಿ ಹೋಯಿತು? ಅದೆಲ್ಲ ಫೋನಿನಲ್ಲಿ ಮಾತ್ರ ಉಳಿದಿದೆ.

ಮೇ ಮೊದಲ ವಾರ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಕೆಲಗೇರಿ ಕೆರೆಯ ದಂಡೆಯಲ್ಲಿ, ಇಲ್ಲವೇ ಸಾಧನಕೇರಿಯ ಕೆರೆಯ ಪಕ್ಕ, ಆರಕ್ಕೆ ಸರಿಯಾಗಿ ತಂಬೂರಿ ಮೀಟಲಿ. ನೂರೈವತ್ತು, ಇನ್ನೂರು ಮಂದಿ ಜಮಖಾನೆ ಮೇಲೆ ಕೂರಲಿ. ಸಣ್ಣ ಸ್ಪೀಕರ್ ಎರಡಿದ್ದರೆ ಜಾಸ್ತಿ ಆಯಿತು. ಮೊದಲ ಅರ್ಧ ಗಂಟೆ ಎಳೆಯರಿಗೆ ಕೊಡಬಹುದು. ಹತ್ತಿರದ ಕಲಕೇರಿಯಲ್ಲಿ 2002ರಿಂದ ಒಂದು ಸಂಗೀತ ವಿದ್ಯಾಲಯ ಬಡ ಮಕ್ಕಳಿಗೆ ಉಚಿತವಾಗಿ ಕಲಿಸುತ್ತಿದೆ. ರಜೆಯಲ್ಲಿ ಮಕ್ಕಳು ಊರಿಗೆ ಹೋಗಿರಬಹುದು, ಆದ್ದರಿಂದ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಆಮೇಲೆ ಹಿರಿಯರೊಬ್ಬರು ಒಂದೂವರೆ ಗಂಟೆ ಹಾಡಲಿ. ಎಂಟೂವರೆಗೆ ಎಲ್ಲರಿಗೂ ಚಾ, ಅವಲಕ್ಕಿ. ಮುಗಿಯಿತು.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ವೇದಿಕೆ ಸಮಾರಂಭ ಬೇಡ. ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ಶಾಲು, ಹಾರ, ವಂದನಾರ್ಪಣೆ, ಇದಕ್ಕೆಲ್ಲ ಎರಡು ತಾಸು ಹೋಗುತ್ತದೆ. ಸಂಜೆಯ ಸಭೆಯಲ್ಲಿ ಜನ ಹೇಗೋ ತಡೆದುಕೊಳ್ಳುತ್ತಾರೆ. ಬೆಳಗಿನ ಸಭೆಯಲ್ಲಿ ಅತಿಥಿಗಳು ಎಂಟಕ್ಕೆ ಬಂದರೆ ಲಲತ್ ಹಾಡುವ ಹೊತ್ತೇ ದಾಟಿರುತ್ತದೆ. ಮಂತ್ರಿಗಳು, ಶಾಸಕರು ಖಂಡಿತ ಬರಲಿ, ಮುಂದಿನ ಸಾಲಿನಲ್ಲೇ ಕೂರಲಿ, ಪೂರ್ತಿ ಕೇಳಲಿ. ಕಲಾವಿದರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ?

ಇನ್ನು ರಾತ್ರಿ. ಸಣ್ಣಾಟ, ದೊಡ್ಡಾಟ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬೆಳಗಿನವರೆಗೂ ನಡೆಯುವ ಜನಪದ ನಾಟಕಗಳು. ಇವತ್ತಿಗೂ ಅವನ್ನು ಬಲ್ಲ ಮೇಳಗಳಿವೆ. ಊರಿನ ಉತ್ಸವಕ್ಕೆ ಕರೆದಾಗ ಅವರಿಗೆ ಸಿಗುವುದು ಇಪ್ಪತ್ತು ನಿಮಿಷ. ಬಣ್ಣ ಹಚ್ಚಲಿಕ್ಕೇ ಎರಡು ತಾಸು ಬೇಕು, ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬಂದು ಒಂದು ಪ್ರವೇಶ ಕುಣಿಯುವಷ್ಟರಲ್ಲಿ ಪಕ್ಕದಿಂದ ಯಾರೋ ಮುಗಿಸಿ ಅಂತ ಕೈ ಮಾಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ. ಆ ಕಲಾವಿದರಲ್ಲಿ ಬಹಳ ಮಂದಿ ರೈತರು, ಕೂಲಿ ಮಾಡುವವರು. ಒಂದು ದಿನದ ಕೆಲಸ ಬಿಟ್ಟು ಬಂದಿರುತ್ತಾರೆ.

ರಾತ್ರಿ ಹತ್ತಕ್ಕೆ ಮೈಕ್ ಬಂದ್ ಮಾಡಬೇಕಲ್ಲ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಸಬಹುದು. ಇನ್ನೊಂದು ಮಾತೂ ಆ ನಿಯಮದಲ್ಲಿದೆ. ಮುಚ್ಚಿದ ಸಭಾಂಗಣದ ಒಳಗೆ, ಅಲ್ಲಿರುವವರಿಗೆ ಕೇಳುವಷ್ಟು ಮೈಕ್ ಬಳಸಲು ಅಡ್ಡಿಯಿಲ್ಲ. ಅಂದರೆ ಮಳೆಯ ಭಯಕ್ಕೆ ನಾವು ಹೇಗೂ ಒಳಗೆ ಹೋಗಬೇಕಿತ್ತು, ಕಾನೂನೂ ಅಲ್ಲೇ ದಾರಿ ಬಿಟ್ಟಿದೆ. ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ ಇದೆ, ಆಲೂರು ವೆಂಕಟರಾವ್ ಭವನ ಇದೆ, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಒಂದು ಪೂರ್ತಿ ಸಣ್ಣಾಟ ಶುರುವಾಗಲಿ. ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನುವುದನ್ನು ಮೇಳದವರೇ ಹೇಳಲಿ. ನಿದ್ದೆ ಬಂದವರು ಮನೆಗೆ ಹೋಗಬಹುದು. ಕೊನೆವರೆಗೂ ಕೂತವರಿಗೆ ಆ ಆಟದ ನಿಜವಾದ ರುಚಿ ಗೊತ್ತಾಗುತ್ತದೆ. ಅದೇ ರಾತ್ರಿ ಇನ್ನೊಂದು ಸಭಾಂಗಣದಲ್ಲಿ ದರ್ಬಾರಿ. ಎರಡೂ ಒಟ್ಟಿಗೆ ನಡೆದರೆ ಜನ ಹಂಚಿಹೋಗುತ್ತಾರೆ ಅಂತ ಯಾರೂ ಹೆದರಬೇಕಾಗಿಲ್ಲ. ಈ ಊರಿನ ಕಿವಿ ಮತ್ತು ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ.

ಬೆಳಗಿನ ಹೊತ್ತಿಗೆ ಹೊಂದುವ ಇನ್ನೊಂದು ಕಲೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತ ಎಣಿಸುತ್ತ ಗೋಪುರ, ತೇರು, ತುಳಸಿಕಟ್ಟೆ ಮೂಡಿಸಬೇಕು. ಗವಂತಿ, ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣಬೇಕು. ಇದಕ್ಕೆ ಒಳ್ಳೆಯ ಬೆಳಕು ಬೇಕು. ಸಂಜೆಯ ಮೇಳದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸೀರೆ ಹರವಿದರೆ ಜನ ಬರೀ ರೇಟು ಕೇಳಿ ಮುಂದೆ ಹೋಗುತ್ತಾರೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮರದ ನೆರಳಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳೇ ಕುಳಿತು ಹಾಕಿ ತೋರಿಸಲಿ. ಬಂದವರ ಕೈಗೂ ಒಂದು ತುಂಡು ಬಟ್ಟೆ, ಸೂಜಿ ಕೊಡಲಿ. ಒಂದು ಗೋಪುರ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿದವರು ಸೀರೆಯ ಬೆಲೆಗೆ ಚೌಕಾಸಿ ಮಾಡಲಿಕ್ಕಿಲ್ಲ. ಮಾರಾಟದ ದುಡ್ಡು ನೇರ ಅವರ ಕೈಗೇ ಹೋಗಬೇಕು, ನಡುವೆ ಯಾರೂ ಬೇಡ.

ಅದೇ ನೆರಳಲ್ಲಿ ಕಲಕೇರಿ, ಕೆಲಗೇರಿ ಕಡೆಯ ರೈತರು ಆಪೂಸ್ ಮಾವು ಇಟ್ಟುಕೊಂಡು ಕೂರಬಹುದು. ಪೇಢೆಯ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ, ಅದು ತಾನಾಗಿಯೇ ಬರುತ್ತದೆ.

ಮಧ್ಯಾಹ್ನ ಏನೂ ಬೇಡ ಅಂದೆ. ಆದರೆ ಒಂದು ಆಸೆ ಇದೆ. ನಮ್ಮ ಆಕಾಶವಾಣಿ ಕೇಂದ್ರ 1950ರಿಂದ ಇದೆ. ಈ ಭಾಗದ ದೊಡ್ಡ ದೊಡ್ಡ ಗಾಯಕರು ಅಲ್ಲಿ ಹಾಡಿದ್ದಾರೆ. ಆ ಎರಡು ದಿನ ಮಧ್ಯಾಹ್ನ ಒಂದರಿಂದ ಮೂರರವರೆಗೆ ಹಳೆಯ ಧ್ವನಿಮುದ್ರಿಕೆಗಳಿಂದ ಸಾರಂಗ, ಭೀಮಪಲಾಸ್, ಮುಲ್ತಾನಿಗಳನ್ನು ಆರಿಸಿ ಪ್ರಸಾರ ಮಾಡಿದರೆ ಹೇಗಿರುತ್ತದೆ! ಊಟ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನ್ ಕೆಳಗೆ ಮಲಗಿ ಇಡೀ ಊರು ಒಂದೇ ಹಾಡು ಕೇಳುತ್ತದೆ. ಬಿಸಿಲಿಗೆ ಹೊರಗೆ ಬರಲಾಗದ ವಯಸ್ಸಾದವರಿಗೂ, ಹಾಸಿಗೆ ಹಿಡಿದವರಿಗೂ ಹಬ್ಬ ಮನೆಗೇ ಬರುತ್ತದೆ. ಇದಕ್ಕೆ ವೇದಿಕೆಯ ಖರ್ಚೂ ಇಲ್ಲ. ಕೇಂದ್ರದವರು ಮನಸ್ಸು ಮಾಡಬೇಕು ಅಷ್ಟೇ.

ತಾರೀಖಿನ ವಿಷಯ. ಮೇ ಮೊದಲ ಶನಿವಾರ, ಭಾನುವಾರ ಅಂತ ಕಾಯಂ ಮಾಡಿಬಿಡಬೇಕು. ಆಗ ಭರಣಿ ಮಳೆ ನಡೆದಿರುತ್ತದೆ, ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಖುಷಿಪಡುವ ಮಳೆ. ತಿಂಗಳ ಕೊನೆಗೆ ತಳ್ಳಿದರೆ ರೋಹಿಣಿ ಸುರಿದು ಓಣಿಯೆಲ್ಲ ಕೆಸರಾಗುತ್ತದೆ, ಮಕ್ಕಳ ಶಾಲೆಯೂ ಶುರುವಾಗುವ ಹೊತ್ತು. ಮೇ ಅಂದರೆ ಲಗ್ನದ ಕಾಲ ಕೂಡ. ವಾದ್ಯದವರು, ಅಡುಗೆಯವರು, ಬಾಡಿಗೆ ಕುರ್ಚಿ, ಜಮಖಾನೆ ಯಾವುದೂ ಆಗ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಆರು ತಿಂಗಳು ಮೊದಲು, ನವೆಂಬರಿನಲ್ಲೇ ಸಭಾಂಗಣ ಕಾಯ್ದಿರಿಸಿ ಕಲಾವಿದರಿಗೆ ತಿಳಿಸಬೇಕು. ಹಿಂದಿನ ವಾರ ಫೋನ್ ಮಾಡಿ ಬನ್ನಿ ಅನ್ನುವುದು ಅವರಿಗೆ ಮಾಡುವ ಮರ್ಯಾದೆ ಅಲ್ಲ.

ಮರ್ಯಾದೆ ಅಂದಾಗ ಸಂಭಾವನೆಯ ಮಾತು ಬಂತು. ಹೊರಗಿನಿಂದ ಬರುವ ಸಿನಿಮಾ ಗಾಯಕರಿಗೆ ಮುಂಗಡ ಕೊಡದಿದ್ದರೆ ಅವರು ಹೊರಡುವುದೇ ಇಲ್ಲ. ನಮ್ಮ ಡೊಳ್ಳಿನವರು, ಗೀಗೀ ಪದದವರು, ಕರಡಿ ಮಜಲಿನವರು ಕಾರ್ಯಕ್ರಮ ಮುಗಿಸಿ ಚೆಕ್ಕಿಗಾಗಿ ತಿಂಗಳುಗಟ್ಟಲೆ ಅಲೆಯಬೇಕು. ಇದು ಒಂದು ಕಡೆಯ ಕಥೆ ಅಲ್ಲ. ಯಾವ ಕಲಾವಿದರನ್ನು ಕೇಳಿದರೂ ಇಂಥದ್ದೊಂದು ಅನುಭವ ಹೇಳುತ್ತಾರೆ. ಈ ಹಬ್ಬದಲ್ಲಿ ಒಂದು ನಿಯಮ ಇರಲಿ: ಬಣ್ಣ ಒರೆಸಿಕೊಳ್ಳುವ ಮೊದಲು ಅವರ ಖಾತೆಗೆ ದುಡ್ಡು ಬಂದಿರಬೇಕು. ದೊಡ್ಡ ವೇದಿಕೆ, ಪರದೆ, ಫ್ಲೆಕ್ಸಿನ ಖರ್ಚು ಉಳಿದರೆ ಇದಕ್ಕೆ ಬೇಕಾದಷ್ಟು ಹಣ ಸಿಗುತ್ತದೆ.

ಇನ್ನು ಜನ ಬರುವುದು ಹೇಗೆ? ಬೆಳಿಗ್ಗೆ ಆರರ ಸಭೆಗೆ ಹುಬ್ಬಳ್ಳಿಯವರು ಬರಬೇಕೆಂದರೆ ಐದಕ್ಕೆ ಅಲ್ಲಿಂದ ಬಸ್ ಇರಬೇಕು. ಸಣ್ಣಾಟ ನಡುರಾತ್ರಿ ಬಿಟ್ಟು ಏಳುವವರಿಗೂ ಮನೆ ಮುಟ್ಟಲು ಬಸ್ ಬೇಕು, ಅದರಲ್ಲೂ ಹೆಣ್ಣುಮಕ್ಕಳಿಗೆ. ಹುಬ್ಬಳ್ಳಿ, ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ತನ್ನದೇ ದಾರಿ ಇದೆ, ಆ ಎರಡು ದಿನ ಹೆಚ್ಚಿನ ಓಡಾಟ ಹಾಕುವುದು ಕಷ್ಟವಾಗಲಾರದು. ನಿಲ್ದಾಣದಿಂದ ಕೆಲಗೇರಿ, ಸಾಧನಕೇರಿಗೆ ಸಣ್ಣ ಬಸ್ ನಾಲ್ಕು ಸಾಕು. ಮಹಾನಗರ ಪಾಲಿಕೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಸಾರಿಗೆಯವರು, ಆಕಾಶವಾಣಿ, ಊರಿನ ಸಂಗೀತ ಸಭೆಗಳು ಒಂದು ಸಂಜೆ ಒಟ್ಟಿಗೆ ಕುಳಿತರೆ ಇದೆಲ್ಲ ಇತ್ಯರ್ಥ ಆಗುತ್ತದೆ. ಆ ಸಭೆ ಯಾವಾಗ, ಯಾರು ಕರೆಯುತ್ತಾರೆ ಅನ್ನುವುದನ್ನು ಜಿಲ್ಲಾಡಳಿತ ತಿಳಿಸಲಿ. ಸಭೆ ಕರೆದರೆ ನಾನೂ ಬರುತ್ತೇನೆ. ಜಮಖಾನೆ ಹಾಸುವ ಕೆಲಸ ಕೊಟ್ಟರೂ ಸಂತೋಷದಿಂದ ಮಾಡುತ್ತೇನೆ.

ಇಂತಿ,
ನಿಮ್ಮ ಓದುಗ,
ಸಾಧನಕೇರಿ, ಧಾರವಾಡ