ಸೀನನಿಗೆ, ಬಾಬೋ ವಿಷಯವಾಗಿ

ಲೋ ಸೀನ,

ವಾಟ್ಸಾಪಲ್ಲಿ ಕಳಿಸಿದ್ರೆ ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ಊರ ಮುಂದೆ ಬರೀತಿದೀನಿ.

‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಗುಲಾಮ ಅಂಕಲ್ ಟಾಮ್ ಬೆನ್ನು ಬಗ್ಗಿಸೋ ಮುದುಕ ಅಲ್ಲ ಅಂತ ನೀನಂದಿದ್ದು ಒಪ್ದೆ ಮಾರಾಯ. ಅಮೆರಿಕದ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ 1852ರ ಆ ಪುಸ್ತಕದಲ್ಲಿ ಅವನು ಗಟ್ಟಿಮುಟ್ಟು ಆಳು, ತಪ್ಪಿಸ್ಕೊಂಡ ಹೆಂಗಸರ ಸುಳಿವು ಬಿಟ್ಟುಕೊಡಲ್ಲ ಅಂತ ಏಟು ತಿಂದು ಸಾಯ್ತಾನೆ, ಆಮೇಲೆ ನಾಟಕದೋರು ಅವನನ್ನ ಬೆನ್ನು ಬಗ್ಗಿದ ಮುದುಕ ಮಾಡಿಟ್ರು. ಆದ್ರೆ ಅಷ್ಟೊಂದು ಸಾಧು ಮಾಡಿದ್ದು ಸ್ಟೋವೇ ಅಲ್ವಾ? ಇರ್ಲಿ, ನನಗೆ ನಿದ್ದೆಗೆಡಿಸಿದ್ದು ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್‌ನ ಕಥೆ ‘ಬೆನಿಟೋ ಸೆರೆನೋ’, 1855ರದ್ದು.

ಚಿಲಿ ಕರಾವಳೀಲಿ ಒಂದು ಸ್ಪ್ಯಾನಿಷ್ ಹಡಗು, ಒಳಗೆ ಗುಲಾಮರು. ಅಮೆರಿಕದ ಕ್ಯಾಪ್ಟನ್ ಡೆಲಾನೋ ಸಹಾಯಕ್ಕೆ ಅಂತ ಹತ್ತುತ್ತಾನೆ, ಒಳ್ಳೇ ಮನುಷ್ಯ, ಅದೇ ತೊಂದರೆ. ಕಪ್ಪು ಜನ ಅಂದ್ರೆ ಅವನಿಗೆ ಅಕ್ಕರೆ, ಬೇರೆಯವ್ರು ನ್ಯೂಫೌಂಡ್‌ಲ್ಯಾಂಡ್ ನಾಯೀನ ಇಷ್ಟಪಡೋ ಥರ ಅಂತ ಮೆಲ್ವಿಲ್ಲೇ ಬರೀತಾನೆ. ಆ ಹಡಗಿನ ಕ್ಯಾಪ್ಟನ್ ಸೆರೆನೋ ಪಕ್ಕ ಬಿಟ್ಟು ಅಲ್ಲಾಡದ ಸೇವಕ ಬಾಬೋನ ನೋಡಿ ಖುಷಿಯಾಗಿ, ಇವನನ್ನ 50 ಡಬ್ಲೂನಿಗೆ, ಅಂದ್ರೆ ಸ್ಪೇನಿನ ಚಿನ್ನದ ನಾಣ್ಯಕ್ಕೆ, ಕೊಡ್ತೀಯಾ ಅಂತಾನೆ ನಗ್ತಾ. 1000 ಕೊಟ್ರೂ ಯಜಮಾನ್ರು ನನ್ನ ಬಿಡಲ್ಲ ಅಂತ ಬಾಬೋನೇ ಅಂತಾನೆ.

ಆಮೇಲೆ ಕ್ಷೌರ. ಸ್ಪೇನ್ ದೇಶದ ಬಾವುಟಾನೇ ಸೆರೆನೋ ಕುತ್ತಿಗೆಗೆ ಸುತ್ತಿ ಬಾಬೋ ಕತ್ತಿ ಮಸೀತಾನೆ. ಕೂತವನು ಗಡಗಡ ನಡುಗ್ತಿದಾನೆ, ಡೆಲಾನೋಗೆ ಮಾತ್ರ ಈ ಜನಕ್ಕೆ ಬಣ್ಣ ಅಂದ್ರೆ ಎಷ್ಟಿಷ್ಟ ಅನ್ಸುತ್ತೆ. ಡೆಲಾನೋ ಕೇಳಿದ ಒಂದು ಪ್ರಶ್ನೆಗೆ ಸೆರೆನೋ ಬೆಚ್ಚಿ, ಕತ್ತಿ ತಾಗಿ, ನೊರೆ ಮೇಲೆ ರಕ್ತ. ಹಡಗು ಯಾವತ್ತೋ ಗುಲಾಮರ ಕೈಗೆ ಹೋಗಿದೆ, ಬಾಬೋನೇ ನಾಯಕ, ಆ ಸೇವೆಯೆಲ್ಲ ಡೆಲಾನೋಗೋಸ್ಕರ ಕಟ್ಟಿದ ನಾಟಕ. ಇವ್ರಿಗೆ ಪಿತೂರಿ ಮಾಡೋವಷ್ಟು ಬುದ್ಧಿ ಎಲ್ಲಿಂದ ಅನ್ನೋ ಅವನ ನಂಬಿಕೆ ಮೇಲೇ ಇಡೀ ಆಟ ನಿಂತಿದೆ ಕಣೋ!

ಇನ್ನೂ ಸ್ವಲ್ಪ ಆಳಕ್ಕೆ ಹೋಗ್ಲಿ ಕತ್ತಿ ಅಂತ ನನಗನ್ನಿಸ್ತು. ಹಾಗನ್ಕೊಂಡು ಒಂಥರಾ ಹೆಮ್ಮೆನೂ ಆಯ್ತು, ನೋಡು ನಾನು ಯಾರ ಕಡೆ ಅಂತ.

ಆದ್ರೆ ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಇದಾರಲ್ಲ, ಯಾವಾಗ್ಲೂ ನಗುನಗ್ತಾ ಇರ್ತಾರೆ, ಮನೆಯವ್ರೇ ಆಗೋಗಿದಾರೆ ಅಂತ ಬಂದವ್ರಿಗೆಲ್ಲ ಹೇಳ್ತೀನಿ ನಾನು. ಗುಲಾಮಗಿರಿಗೂ ಇದಕ್ಕೂ ತಳುಕು ಹಾಕ್ತಿಲ್ಲ, ಹಡಗು ಬೇರೆ ಅಡುಗೆಮನೆ ಬೇರೆ. ಆದ್ರೂ ಆ ನಗು ಒಳಗೆ ಏನಿದೆ ಅಂತ ನಾನು ಒಂದಿನಾನೂ ಕೇಳಿಲ್ಲ, ಕೇಳದೇ ಇರೋದ್ರಲ್ಲಿ ಒಂದು ಸುಖ ಇದೆ ಕಣೋ. ಅವ್ರ ಕಾಫಿ ಲೋಟ ಬೇರೆ ಇರುತ್ತೆ, ಸಿಂಕ್ ಕೆಳಗೆ. ಅಮ್ಮ ಇಟ್ಟಿದ್ದು. ಅಮ್ಮ ಊರಿಗೆ ಹೋದಾಗ್ಲೂ ಅಲ್ಲೇ ಇರುತ್ತೆ.

ಸರಿ, ಜಾಸ್ತಿ ಆಯ್ತು. ಇದನ್ನ ಡಿಲೀಟ್ ಮಾಡ್ಬೇಕು, ಆದ್ರೆ ಲೈಕ್ ಬರ್ತವೆ ಅಂತ ಆಸೆ. ಭಾನುವಾರ ಬಾ, ಕೋಸಂಬರಿ ಮಾತ್ರ ನೀನು ಮಾಡ್ಬೇಡ, ಕೈ ಮುಗೀತೀನಿ.