ಅಳಿವೆ ಬಾಗಿಲಿನ ಆಳ ಮೊದಲು ಅಳೆಯಿರಿ

ಮಾನ್ಯರೇ,

ಕರಾವಳಿಯಲ್ಲಿ ನೀರಿನ ಆಳದ ಸರ್ವೆಗೆ ಹಣ, ಹಡಗು, ಹವೆ ಎಲ್ಲವೂ ಮಿತ. ಹಾಗಾಗಿ ಎಲ್ಲಿ ಮೊದಲು ಎಂಬುದನ್ನು ಅಪಾಯದ ಲೆಕ್ಕವೇ ನಿರ್ಧರಿಸಬೇಕು. ಸಂಚಾರ, ಹಡಗು-ದೋಣಿ ತಳಕ್ಕೆ ತಾಗಿ ನೆಲಕಚ್ಚುವ ಸಾಧ್ಯತೆ, ಹಾಗೆ ನೆಲಕಚ್ಚಿದರೆ ಆಗುವ ನಷ್ಟ, ಈ ಮೂರಕ್ಕೂ 1ರಿಂದ 5 ಅಂಕ ಕೊಟ್ಟು ಗುಣಿಸುವುದು ಸರಳ ವಿಧಾನ. ದೊಡ್ಡ ಬಂದರಿನ ಆಳವಾದ ಕಾಲುವೆಗೆ 5×1×4, ಅಂದರೆ 20 ಬಂದರೆ, ನದಿ ಕಡಲು ಸೇರುವ, ಮರಳು ದಿಬ್ಬ ಸರಿದಾಡುವ ಅಳಿವೆಗೆ 3×5×4, ಅಂದರೆ 60 ಬರಬಹುದು.

ಎಡವಟ್ಟಾಗುವುದು ಸಂಚಾರದ ಅಂಕದಲ್ಲಿ. ಅದನ್ನು ಎಐಎಸ್ ದಾಖಲೆಯಿಂದ, ಅಂದರೆ ಹಡಗು ಎಲ್ಲಿದೆ ಎಂದು ರೇಡಿಯೊದಲ್ಲಿ ತಾನಾಗಿಯೇ ತಿಳಿಸುವ ಸಾಧನದ ದಾಖಲೆಯಿಂದ, ತೆಗೆಯುತ್ತಾರೆ. ನಾಡದೋಣಿಗಳಲ್ಲಿ ಆ ಸಾಧನವೇ ಇರುವುದಿಲ್ಲ. ನೂರು ದೋಣಿ ಓಡಾಡಿದರೂ ಪರದೆಯ ಮೇಲೆ ಖಾಲಿ ನೀರು! ಮೀನುಗಾರಿಕೆ ಜೆಟ್ಟಿಯ ಲೆಕ್ಕವನ್ನೂ ಸೇರಿಸಲೇಬೇಕು.

ಆಳ ತೋರಿಸುವ ನಕ್ಷೆಯ ವಯಸ್ಸೂ ಮುಖ್ಯ. ಬಂಡೆಯ ತಳಕ್ಕೆ ಹಳೆಯ ಸರ್ವೆ ನಡೆದೀತು, ಉಡುಪಿ ಜಿಲ್ಲೆಯ ಗಂಗೊಳ್ಳಿಯಂಥ ಅಳಿವೆಗೆ ಒಂದು ಮಳೆಗಾಲ ಕಳೆದರೆ ಅದು ಹಳತು. 3 ಮೀಟರ್ ನೀರಿನಲ್ಲಿ 2 ಮೀಟರ್ ಮುಳುಗುವ ದೋಣಿ ಒಂದೂವರೆ ಮೀಟರ್ ಅಲೆಯ ತಗ್ಗಿಗೆ, ಅಂದರೆ ಅಲೆಯ ಅರ್ಧ ಎತ್ತರದಷ್ಟು ಕೆಳಗೆ, ಇಳಿದರೆ ಅಡಿಯಲ್ಲಿ ಉಳಿಯುವುದು ಕಾಲು ಮೀಟರ್ ಮಾತ್ರ.

ಇನ್ನೊಂದು: ಮಳೆಯ ನಂತರ ಅಳಿವೆಯಲ್ಲಿ ಸಿಹಿನೀರು ಇರುತ್ತದೆ. ಅದರಲ್ಲಿ ಧ್ವನಿಯ ವೇಗ ಕಡಲ ನೀರಿಗಿಂತ ಶೇ 2ರಷ್ಟು ಕಡಿಮೆ. ತಳಕ್ಕೆ ಧ್ವನಿ ಕಳಿಸಿ ಅದು ಮರಳುವ ಸಮಯದಿಂದ ಆಳ ಅಳೆಯುವ ಎಕೋ ಸೌಂಡರನ್ನು ಕಡಲ ನೀರಿನ ವೇಗಕ್ಕೇ ಬಿಟ್ಟರೆ 4 ಮೀಟರಿಗೆ ಸುಮಾರು 8 ಸೆಂ.ಮೀ. ಹೆಚ್ಚು ಆಳ ತೋರಿಸುತ್ತದೆ. ಇರುವುದಕ್ಕಿಂತ ಕಡಿಮೆ ತೋರಿಸಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ.

ಜುಲೈ 31ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಕಡಲು ತಣಿದ ಮೊದಲ ಬಿಡುವಿನಲ್ಲೇ ಅಳಿವೆಗಳ ಸರ್ವೆ ಮಾಡಿ, ಆಳದ ಅಂಕಿಗಳನ್ನು ಜೆಟ್ಟಿಯ ಫಲಕದಲ್ಲಿ ಬರೆಯಲಿ.

– ಜಲಮಾಪನ ವೃತ್ತಿಯವರು, ಮಂಗಳೂರು