ಅಪ್ಪ ಮತ್ತೆ ಮಾಡು ಹತ್ತಬಾರದು

ಕೊಲಂಬಸ್, ಒಹಾಯೊ
ಮೇ 18, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಜ್ಜಿಗೂ ಚಿಕ್ಕಪ್ಪನ ಮನೆಯವರಿಗೂ ತಿಳಿಸಿ.

ಸುಮಿಯ ಮೇಲ್ ನಿನ್ನೆ ಬಂತು. ಅಪ್ಪ ಮನೆಯ ಹಂಚಿನ ಮಾಡಿನಿಂದ ಜಾರಿ ಬಿದ್ದು ಒಂಬತ್ತು ದಿನ ಆಯಿತಂತೆ. ಈ ಒಂಬತ್ತು ದಿನದಲ್ಲಿ ನಾನು ಮೂರು ಸಲ ಫೋನ್ ಮಾಡಿದ್ದೇನೆ. ಮೂರು ಸಲವೂ ಅಮ್ಮ ಹಲಸಿನ ಹಪ್ಪಳದ ಸುದ್ದಿ ಹೇಳಿದಳು. ಅಪ್ಪ ಮಳೆ ಯಾವಾಗ ಹಿಡಿಯುತ್ತದೆ ಎಂದು ಹೇಳಿದರು. ಬಲಗೈಗೆ ಬ್ಯಾಂಡೇಜ್ ಕಟ್ಟಿಕೊಂಡು, ಎಡಗೈಯಲ್ಲಿ ಫೋನ್ ಹಿಡಿದು, ಮಳೆಯ ಸುದ್ದಿ! ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ‘ಸಿಗ್ನಲ್ ಹೋಗ್ತಾ ಇದೆ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಪತ್ರ. ಸುಮಿ, ಪ್ರಿಂಟ್ ತೆಗೆದು ಕೊಡು. ಅಪ್ಪನ ಕನ್ನಡಕವನ್ನೂ ಹುಡುಕಿ ಕೊಡು.

ಮೊದಲು ಅಮ್ಮನ ಪ್ರಶ್ನೆ ಮುಗಿಸುತ್ತೇನೆ. ನಾನು ಸಿಂಕಿನ ಕೆಳಗೆ ಅಂಗಾತ ಮಲಗಿದ್ದ ಫೋಟೋ ನೋಡಿ ಗಾಬರಿಯಾದಳಂತೆ. ಮನೆ ಕೊಂಡು ಸಾಲ ಮೈಮೇಲೆ ಬಂದಿದೆಯಾ, ಪ್ಲಂಬರಿಗೆ ಕೊಡಲೂ ದುಡ್ಡಿಲ್ಲವಾ, ಇಷ್ಟು ಓದಿ ಕಕ್ಕಸು ರಿಪೇರಿ ಮಾಡುವ ಹಾಗಾಯಿತಾ ಅಂತ. ಇಲ್ಲಮ್ಮ. ದುಡ್ಡಿದೆ. ಇಲ್ಲಿ ತುಂಬ ಜನ ಹೀಗೇ. ಪಕ್ಕದ ಮನೆಯವನು ಹಲ್ಲಿನ ಡಾಕ್ಟರು. ಶನಿವಾರ ಬಂದರೆ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ. ನಮ್ಮೂರಲ್ಲಿ ಡಾಕ್ಟರು ಹಾಗೆ ಕಂಡರೆ ಯಾರಾದರೂ ಬಾಯಿ ತೆರೆದು ಕೂರುತ್ತಾರಾ? ಹೋಮ್ ಡಿಪೊ ಎಂದು ಒಂದು ಅಂಗಡಿ ಇದೆ. ನಮ್ಮ ಅಡಿಕೆ ಮಂಡಿಗಳನ್ನೆಲ್ಲ ಒಳಗೆ ಇಡಬಹುದು, ಅಷ್ಟು ದೊಡ್ಡದು. ಮೊಳೆಗೇ ಒಂದು ಸಾಲು, ನಲ್ಲಿಗೇ ಒಂದು ಸಾಲು. ಮುದುಕ ಮುದುಕಿಯರು ಗಾಡಿ ತಳ್ಳಿಕೊಂಡು ತರಕಾರಿ ಆರಿಸಿದ ಹಾಗೆ ಸ್ಕ್ರೂ ಆರಿಸುತ್ತಾರೆ.

ಪ್ಲಂಬರನ್ನು ಒಂದು ಸಲ ಕರೆಸಿದ್ದೆ. ಹನ್ನೆರಡು ನಿಮಿಷ ಕೆಲಸ ಮಾಡಿ 185 ಡಾಲರ್ ತೆಗೆದುಕೊಂಡ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅವನು ಬದಲಾಯಿಸಿದ್ದು ಫ್ಲಶ್ ಟ್ಯಾಂಕಿನ ತಳದಲ್ಲಿರುವ ಒಂದು ರಬ್ಬರ್ ಮುಚ್ಚಳ. ಅಂಗಡಿಯಲ್ಲಿ ಅದಕ್ಕೆ 9 ಡಾಲರ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಬಚ್ಚಲಿನದ್ದು ಕೆಟ್ಟಾಗ ನಾನೇ ಹಿಡಿದೆ. ಸದ್ದಿಲ್ಲ, ಹನಿಯಿಲ್ಲ, ನೀರಿನ ಬಿಲ್ಲು ಮಾತ್ರ ಏರುತ್ತಿತ್ತು. ಇದಕ್ಕೆ ಇಲ್ಲಿನ ಸರ್ಕಾರವೇ ಒಂದು ಉಪಾಯ ಹೇಳಿಕೊಡುತ್ತದೆ. ಟ್ಯಾಂಕಿಗೆ ಅಡುಗೆಯ ಬಣ್ಣ ಹಾಕಿ, ಫ್ಲಶ್ ಮಾಡದೆ ಹತ್ತು ನಿಮಿಷ ಬಿಟ್ಟು ನೋಡಬೇಕು. ಇವಳು ಜಹಾಂಗೀರಿಗೆ ಎಂದು ತಂದಿಟ್ಟಿದ್ದ ಕೇಸರಿ ಬಣ್ಣ ಹಾಕಿದೆ. ಹತ್ತು ನಿಮಿಷಕ್ಕೆ ಕೆಳಗಿನ ನೀರೆಲ್ಲ ಕೇಸರಿ. ಮುಚ್ಚಳ ಸೋರುತ್ತಿದೆ ಎಂದು ಅರ್ಥ. ಹೀಗೆ ಸದ್ದಿಲ್ಲದೆ ದಿನಕ್ಕೆ 200 ಗ್ಯಾಲನ್ನಿನವರೆಗೂ ಹೋಗಬಹುದಂತೆ. ನಮ್ಮ ಲೆಕ್ಕದಲ್ಲಿ 750 ಲೀಟರ್. ಕೆಳಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿದೆ, ಹಳೆಯ ಮುಚ್ಚಳದ ಎರಡು ಕಿವಿ ಬಿಚ್ಚಿ ಹೊಸದು ಸಿಕ್ಕಿಸಿದೆ. ಮುಚ್ಚಳ ಎತ್ತುವ ಸರಪಳಿ ಚೂರು ಸಡಿಲ ಇರಬೇಕು ಅಷ್ಟೇ. ಜಾಸ್ತಿ ಉದ್ದವಾದರೆ ಮುಚ್ಚಳದ ಕೆಳಗೇ ಸಿಕ್ಕಿಕೊಂಡು ಮತ್ತೆ ಸೋರುತ್ತದೆ. ಅಪ್ಪ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಚ್ಚಲ ನಲ್ಲಿಗೆ ವಾಷರ್ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಇಲ್ಲಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಫೋಟೋದಲ್ಲಿ ಸಿಂಕಿನ ಕೆಳಗೆ ಮಾಡುತ್ತಿದ್ದದ್ದು ಬೇರೆ. ಇಲ್ಲಿ ಸಿಂಕಿನ ಬಾಯಿಗೇ ಒಂದು ಗ್ರೈಂಡರ್ ಇರುತ್ತದೆ, ಮುಸುರೆ ಅರೆದು ಕೊಳವೆಗೆ ಬಿಡುವುದಕ್ಕೆ. ಇವಳು ಅದಕ್ಕೆ ನುಗ್ಗೆಕಾಯಿ ಚರಟ ಹಾಕಿದಳು. ನಾರು ಸುತ್ತಿಕೊಂಡು ನಿಂತೇಹೋಯಿತು. (ಇವಳ ಪ್ರಕಾರ ಹಾಕಿದ್ದು ನಾನು. ಅದು ಇರಲಿ.) ಕರೆಂಟ್ ತೆಗೆದು, ತಳದ ನಡುವಿನ ತೂತಿಗೆ ಆರು ಮೂಲೆಯ ಕೀ ಹಾಕಿ ಹಿಂದೆ ಮುಂದೆ ತಿರುಗಿಸಬೇಕು. ಸಡಿಲವಾದ ಮೇಲೆ ಅಲ್ಲೇ ಇರುವ ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ಬಾಯಿಗೆ ಕೈ ಹಾಕಲೇಬಾರದು. ನಾನು ಹಾಕಲಿಲ್ಲ.

ಚಳಿಗಾಲದಲ್ಲಿ ನಿಮ್ಮ ಊದುಬತ್ತಿಯಿಂದ ಎಷ್ಟು ಉಪಕಾರ ಆಯಿತು ಗೊತ್ತಾ ಅಮ್ಮ? ನಮ್ಮ ಮನೆ 1962ರದ್ದು. ಕಿಟಕಿ ಮುಚ್ಚಿದ್ದರೂ ಎಲ್ಲಿಂದಲೋ ಗಾಳಿ. ಊದುಬತ್ತಿ ಹಚ್ಚಿ ಕಿಟಕಿಯ ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡಿದುಕೊಂಡು ಹೋದೆ. ಹೊಗೆ ಎಲ್ಲಿ ಓರೆಯಾಯಿತೋ ಅಲ್ಲಿ ಸಂದಿ. ಆ ಸಂದಿಗೆ ಕಾಲ್ಕ್ ಎನ್ನುವ ಅಂಟು ಹಾಕಿ ಬೆರಳಿನಲ್ಲಿ ಸವರಿದೆ. ಪುಟ್ಟಿ ಕೇಳಿದಳು, ಅಪ್ಪ ಕಿಟಕಿಗೆ ಯಾಕೆ ಪೂಜೆ ಮಾಡ್ತಿದ್ದಾನೆ ಅಂತ. ಆಮೇಲೆ ಹೀಟರಿನ ಬಿಲ್ಲು ಸ್ವಲ್ಪ ಇಳಿಯಿತು. ದೇವರ ಗೂಡು ತೂಗುಹಾಕಿದ್ದೂ ನಾನೇ. ಇಲ್ಲಿ ಗೋಡೆ ಎಂದರೆ ಜಿಪ್ಸಂ ಹಲಗೆ. ಒಳಗೆ 16 ಇಂಚಿಗೊಂದು ಮರದ ಪಟ್ಟಿ ಇರುತ್ತದೆ, ಮೊಳೆ ಅದಕ್ಕೇ ಬೀಳಬೇಕು. ತಪ್ಪಿದರೆ ದೇವರು ನೆಲಕ್ಕೆ. ಅಪ್ಪ ಕಳೆದ ಸಲ ಬಂದಾಗ ಗೋಡೆ ತಟ್ಟಿ ನೋಡಿ ‘ಇದು ಮನೆಯಾ, ರಟ್ಟಿನ ಡಬ್ಬಿಯಾ’ ಅಂದಿದ್ದರು. ಡಬ್ಬಿಯೇ, ಆದರೆ ತೂತಾದರೆ ನಾನೇ ಮುಚ್ಚುತ್ತೇನೆ.

ಬೆರಳಿನ ವಿಷಯ ಇವಳು ಹೇಳಿದ್ದಾಳಂತೆ. ಏನೂ ಆಗಿಲ್ಲ. ಹಲಗೆ ಕತ್ತರಿಸುವಾಗ ಚಾಕು ಸ್ವಲ್ಪ ತಾಗಿತು. ಮೂರೇ ಹೊಲಿಗೆ. ಹೊಲಿಗೆ ಎಂದರೆ ದೊಡ್ಡ ಹೊಲಿಗೆ ಅಲ್ಲ, ಸಣ್ಣ ಹೊಲಿಗೆ. ಟಿಟಿ ಇಂಜೆಕ್ಷನ್ನೂ ಆಯಿತು. ಈಗ ಪೂರ್ತಿ ವಾಸಿ, ಈ ಪತ್ರವನ್ನು ಅದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಬಿಲ್ಲು ಎಷ್ಟು ಎಂದು ಮಾತ್ರ ಕೇಳಬೇಡಿ. ಎರಡು ವರ್ಷ ಪ್ಲಂಬರಿಗೆ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಕರೆಂಟಿನ ಭಯವೂ ಬೇಡ. ಇಲ್ಲಿ ಗೋಡೆಯ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್. ನಮ್ಮ ಊರಿನ ಅರ್ಧ. ಆದರೂ ಮೇನ್ ಆಫ್ ಮಾಡದೆ ನಾನು ಬಲ್ಬನ್ನೂ ಮುಟ್ಟುವುದಿಲ್ಲ. ಮಾಡು, ದೊಡ್ಡ ಏಣಿ, ಹೊಸ ವೈರಿಂಗ್, ಈ ಮೂರಕ್ಕೆ ಜನ ಕರೆಯುತ್ತೇನೆ. ಎಷ್ಟು ಕೇಳಿದರೂ ಕೊಡುತ್ತೇನೆ.

ಈಗ ಅಪ್ಪನ ವಿಷಯ.

‘ಅವನು ಅಲ್ಲಿ ಕಕ್ಕಸು ರಿಪೇರಿ ಮಾಡಿದರೆ ಫೋಟೋ ಕಳಿಸ್ತಾನೆ, ನಾನು ನನ್ನ ಮನೆ ಹಂಚು ಕೈಯಾಡಿಸಿದರೆ ತಪ್ಪಾ’ ಎಂದು ಸುಮಿಯ ಹತ್ತಿರ ವಾದ ಮಾಡಿದಿರಂತೆ. ತಪ್ಪು ಅಂತ ನಾನು ಹೇಗೆ ಹೇಳಲಿ? ನನಗೆ ಇದೆಲ್ಲ ಬಂದಿದ್ದು ನಿಮ್ಮಿಂದ. ಅಟ್ಟದ ಮೇಲೆ ನಿಂತು ನಾನು ಟಾರ್ಚ್ ಹಿಡಿಯುತ್ತಿದ್ದೆ, ನೀವು ಒಡೆದ ಹಂಚನ್ನು ಒಳಗಿನಿಂದಲೇ ಎಬ್ಬಿಸಿ ಹೊಸದನ್ನು ರೀಪಿಗೆ ಕೂರಿಸುತ್ತಿದ್ದಿರಿ. ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್, 1865 ಎಂದು ಅಚ್ಚು ಇತ್ತು. ನಮ್ಮ ಮನೆ 1865ರದ್ದು ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ ಕಣೋ ಎಂದು ನೀವೇ ನಕ್ಕಿದ್ದಿರಿ. ಆಗ ನಿಮಗೆ 35. ಈಗ 71. ಹಂಚಿನ ಮೇಲಿನ ಪಾಚಿಗೆ ಅದು ಗೊತ್ತಾಗುವುದಿಲ್ಲ.

ಮಂಗ ಒಡೆದಿದ್ದು ನಾಲ್ಕು ಹಂಚು ತಾನೆ? ಒಳಗಿನಿಂದಲೇ ಹಾಕಿಸಬಹುದಿತ್ತು. ಹೊರಗೆ ಯಾಕೆ ಹೋದಿರಿ? ಆಳು ಸಿಗುವುದಿಲ್ಲ, ಸಿಕ್ಕವನು ಹೇಳಿದ ದಿನ ಬರುವುದಿಲ್ಲ, ಬಂದರೆ ಸಂಬಳ ಜಾಸ್ತಿ ಕೇಳುತ್ತಾನೆ. ಎಲ್ಲ ಸರಿ. ಕೇಳಿದಷ್ಟು ಕೊಡಿ. ಅದಕ್ಕೆಂದೇ ನಿನ್ನೆ 40 ಸಾವಿರ ಹಾಕಿದ್ದೇನೆ. ದಯವಿಟ್ಟು ಅದನ್ನೂ ಎಫ್‌ಡಿ ಮಾಡಬೇಡಿ.

ನನ್ನ ನಿದ್ದೆ ಕೆಡಿಸಿರುವುದು ಆ ಮಣಿಕಟ್ಟು. ಬಿದ್ದ ದಿನ ಎಕ್ಸ್‌ರೇ ತೆಗೆದಿದ್ದಾರೆ, ಮೂಳೆಗೆ ಏನೂ ಆಗಿಲ್ಲ ಎಂದಿದ್ದಾರೆ, ಸರಿ. ಆದರೆ ಇನ್ನೂ ಊದಿಕೊಂಡಿದೆ, ಹೆಬ್ಬೆರಳಿನ ಬುಡ ಮುಟ್ಟಿದರೆ ನೋವು ಎಂದು ಸುಮಿ ಬರೆದಿದ್ದಾಳೆ. ನನಗೆ ಹೊಲಿಗೆ ಹಾಕಿದ ಡಾಕ್ಟರನ್ನು ಕೇಳಿದೆ. ಕೈ ಊರಿ ಬಿದ್ದಾಗ ಅಲ್ಲಿ ಸ್ಕಾಫಾಯ್ಡ್ ಎನ್ನುವ ಸಣ್ಣ ಮೂಳೆ ಬಿರುಕು ಬಿಡಬಹುದಂತೆ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಸಬೇಕು. ಬಿಟ್ಟರೆ ಆ ಮೂಳೆ ಕೂಡುವುದೇ ಕಷ್ಟ, ಅದಕ್ಕೆ ರಕ್ತ ಓಡುವುದು ಕಡಿಮೆ ಎಂದರು. ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅಮ್ಮ, ನೀನು ಗಾಬರಿ ಆಗಬೇಡ. ಏನೂ ಆಗಿರುವುದಿಲ್ಲ. ಖಂಡಿತ ಏನೂ ಆಗಿರುವುದಿಲ್ಲ. ಆದರೂ ಬುಧವಾರದೊಳಗೆ ಶಿವಮೊಗ್ಗಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿ. ಬಸ್ಸಿನಲ್ಲಿ ಅಲ್ಲ, ಕಾರು ಮಾಡಿಕೊಂಡು. ‘ಎಣ್ಣೆ ತಿಕ್ಕಿದರೆ ಹೋಗುತ್ತೆ’ ಎಂದು ಯಾರೇ ಹೇಳಿದರೂ ತಿಕ್ಕಬೇಡಿ.

ಕೈ ವಾಸಿಯಾದ ಮೇಲೆ ನಲ್ಲಿಯ ವಾಷರ್, ಮಿಕ್ಸಿಯ ಕಪ್ಲರ್, ಟ್ಯಾಂಕಿನ ಫ್ಲೋಟ್, ಎಲ್ಲ ನೀವೇ ಮಾಡಿ. ನಾನು ಬಾಯಿ ಬಿಡುವುದಿಲ್ಲ. ನೆಲದ ಮೇಲೆ ನಿಂತು ಕೈಗೆ ಸಿಗುವಷ್ಟು ಎತ್ತರದ ಕೆಲಸ ನಿಮ್ಮದು. ಮಳೆಗೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಬಚ್ಚಲ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಎಲ್ಲಾದರೂ ಸೋರಿದರೆ ಅದು ತಾನೇ ಬಿದ್ದು ಲೈನ್ ಆಫ್ ಮಾಡುತ್ತದೆ. ಫ್ಯೂಸಿನ ಕಟೌಟಿಗೆ ತಾಮ್ರದ ತಂತಿ ಸುತ್ತುವುದನ್ನು ಇನ್ನಾದರೂ ಬಿಡಿ.

ಪುಟ್ಟಿಯ ಈಜು ಕ್ಲಾಸಿಗೆ ಹೊತ್ತಾಯಿತು, ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾಳೆ. ಹಪ್ಪಳ ಯಾರ ಕೈಲಾದರೂ ಕಳಿಸು ಅಮ್ಮ. ಎಕ್ಸ್‌ರೇ ಆದ ಕೂಡಲೇ ಫೋಟೋ ಹಾಕಿ.

ಇಂತಿ ನಿಮ್ಮ,
ರಾಘು

ಸುಮಿ, ಇದನ್ನು ಗಟ್ಟಿಯಾಗಿ ಓದಬೇಡ. ಕೊಟ್ಟಿಗೆಯ ಹಿಂದಿನ ಉದ್ದ ಏಣಿಯನ್ನು ಇವತ್ತೇ ಚಿಕ್ಕಪ್ಪನ ಮನೆಗೆ ಸಾಗಿಸು. ಅಪ್ಪ ಕೇಳಿದರೆ ತೆಂಗಿನಕಾಯಿ ಕೀಳಲು ಒಯ್ದಿದ್ದಾರೆ ಅನ್ನು.